ಕಾಗದದ ಗಂಟು ಕಟ್ಟಿಡುವ ಮೊದಲು ನಮ್ಮ ಹೆಸರು ಓದಿ ಹೇಳಿರಿ



ತಾಲೂಕು ಕಚೇರಿಯ ರಿಕಾರ್ಡು ರೂಮನ್ನು ನಮ್ಮವರು ಬಾಗಿಲ ಆಚೆಯಿಂದಲೇ ಬಲ್ಲರು. ಒಳಗೆ ಅರಿವೆಯಲ್ಲಿ ಕಟ್ಟಿದ ಗಂಟುಗಳು ಜಂತಿಯ ತನಕ ಪೇರಿಸಿರುತ್ತವೆ. ಮೇಲೆ ಧೂಳು, ಕೆಳಗೆ ಗೆದ್ದಲು, ನಡುವೆ ಎಲ್ಲೋ ನಮ್ಮ ಅಜ್ಜನ ಹೆಸರಿಗೆ ಸರಕಾರ ಕೊಟ್ಟ ನಾಲ್ಕು ಎಕರೆ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ದುಡ್ಡು ಸಾಲ ಮಾಡಿ ಹೋಗಿ ನಿಂತರೆ ಒಂದೇ ಮಾತು: ‘ಫೈಲು ಸಿಗವಲ್ದು, ಮುಂದಿನ ಸೋಮವಾರ ಬಾ.’ ಆ ಸೋಮವಾರ ಇನ್ನೂ ಬಂದಿಲ್ಲ. ಯಾವ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ. ಓದುವವರು ತಮ್ಮ ತಮ್ಮ ಕಚೇರಿಯನ್ನು ನೆನೆಸಿಕೊಂಡರೆ ಸಾಕು.

ಈಗ ಹೇಳುತ್ತಾರೆ, ಇನ್ನು ಗಂಟೂ ಇಲ್ಲ ಗೆದ್ದಲೂ ಇಲ್ಲ. ಭೂ ಸುರಕ್ಷಾ ಎಂಬ ಯೋಜನೆ ಬಂದಿದೆ. 2024ರಲ್ಲಿ ಮೊದಲು ಜಿಲ್ಲೆಗೊಂದು ತಾಲೂಕಿನಂತೆ 31 ಕಡೆ ಶುರುವಾಗಿ ಆಮೇಲೆ ನಾಡಿಗೆಲ್ಲ ಹಬ್ಬಿತು. ಕಂದಾಯ ಇಲಾಖೆಯ ಹಳೇ ಕಾಗದವನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುವುದು. ನೂರು ಕೋಟಿ ಪುಟದ ಲೆಕ್ಕ ಹೇಳುತ್ತಾರೆ. ಕಚೇರಿಯೊಳಗೆ ಕಡತಗಳೂ ಇ-ಆಫೀಸಿನಲ್ಲೇ ಓಡಾಡುತ್ತವೆ. ಕಾಗದವಿಲ್ಲದ ಸರಕಾರವಂತೆ!

ನಾವು ಮೊದಲೇ ಹೇಳಿಬಿಡುತ್ತೇವೆ. ನಾವು ಯಂತ್ರದ ವೈರಿಗಳಲ್ಲ. ‘ಈ ಮಂದಿಗೆ ಎಲ್ಲದಕ್ಕೂ ತಕರಾರು’ ಅನ್ನುವವರು ಸ್ವಲ್ಪ ತಡೆಯಬೇಕು. 2020ರ ಅಕ್ಟೋಬರಿನಲ್ಲಿ ಭೀಮಾ ಹೊಳೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ದಂಡೆಯ ಊರುಗಳಿಗೆ ನೀರು ಹೊಕ್ಕಿತು. ಜೀವ ಹಿಡಿದುಕೊಂಡು ಗಂಜಿ ಕೇಂದ್ರಕ್ಕೆ ಹೋದವರು ಟ್ರಂಕು ಹೊತ್ತುಕೊಂಡು ಹೋಗಲಿಲ್ಲ. ತಿರುಗಿ ಬಂದು ಮುಚ್ಚಳ ತೆಗೆದರೆ ಸಾಗುವಳಿ ಚೀಟಿ ಮುದ್ದಿಯಾಗಿ ಕುಂತಿತ್ತು. ಅಂಥವರಿಗೆ ಸರಕಾರದ ಕೋಣೆಯಲ್ಲಿರುವ ಪ್ರತಿ ಬಿಟ್ಟರೆ ಈ ಲೋಕದಲ್ಲಿ ಬೇರೆ ಸಾಕ್ಷಿ ಇಲ್ಲ. ಆ ಪ್ರತಿಯೂ ಗೆದ್ದಲಿನ ಪಾಲಾಗುವ ಮುಂಚೆ ಅದರ ಚಿತ್ರ ತೆಗೆದಿಡುವುದು ಬೇಕೇ ಬೇಕು. ಇದನ್ನು ನಾವೇ ಮೊದಲು ಕೇಳಬೇಕಿತ್ತು.

ಆದರೆ ಯಂತ್ರ ಏನು ಮಾಡುತ್ತದೆ? ಮುಂದೆ ಇಟ್ಟದ್ದನ್ನು ನೋಡುತ್ತದೆ. ಇಡದೇ ಇದ್ದದ್ದನ್ನು ನೋಡುವುದಿಲ್ಲ. ಇಡುವ ಕೈ ಯಾರದು, ಬರೆದ ಕೈ ಯಾರದು, ಅದನ್ನು ಕೇಳಿ.

ನಮ್ಮ ಸೀಮೆಯ ಕಾಗದ ಮೈಸೂರಿನವರ ಕಾಗದದಂತಲ್ಲ. 1948ರ ತನಕ ನಾವು ನಿಜಾಮನ ರಾಜ್ಯದಲ್ಲಿದ್ದೆವು. ಮೇಲಿನ ದಫ್ತರ ಉರ್ದು, ಊರ ಕುಲಕರ್ಣಿಯ ಲೆಕ್ಕ ಕೆಲವು ಕಡೆ ಮೋಡಿ. ಜಹಗೀರು ರದ್ದಾದದ್ದು 1949ರಲ್ಲಿ, ಗೇಣಿ ಕಾಯಿದೆ ಬಂದದ್ದು 1950ರಲ್ಲಿ, ಆಮೇಲೆ ಖಾಸ್ರಾ ಪಹಣಿ, 1956ರಲ್ಲಿ ಕನ್ನಡ ನಾಡು. ನಮ್ಮ ಅಜ್ಜಂದಿರಿಗೆ ಲಾವಣಿ ಪಟ್ಟಾ ಸಿಕ್ಕಿದ್ದರೆ ಅದರ ಮೂಲ ಈ ಹಳೇ ಗಂಟಿನಲ್ಲೇ ಇರಬೇಕು. ಅದನ್ನು ಇವತ್ತು ಓದುವವರು ಯಾರು? ಸ್ಕ್ಯಾನ್ ಮಾಡುವ ಹುಡುಗ ನಮ್ಮಂಥವರ ಮನೆಯ ಹುಡುಗನೇ ಇದ್ದಾನು, ಗುತ್ತಿಗೆಯವನು, ಅವನ ಮೇಲೆ ನಮಗೆ ಸಿಟ್ಟಿಲ್ಲ. ದಿನಕ್ಕಿಷ್ಟು ಪುಟ ಮುಗಿಸು ಎಂದರೆ ಮುಗಿಸುತ್ತಾನೆ. ಹಾಳೆಯ ಬೆನ್ನಿಗೆ ಬರೆದ ಷರಾ ಬಿಟ್ಟುಹೋದರೆ ಅವನಿಗೆ ಹೇಳುವವರಿಲ್ಲ. ಉರ್ದು ಓದಲು ಬಾರದವನು ಆ ಚಿತ್ರಕ್ಕೆ ಯಾವ ಊರು, ಯಾವ ಸರ್ವೆ ನಂಬರು, ಯಾವ ಇಸವಿ ಎಂದು ಹೆಸರಿಡಬೇಕು? ಹೆಸರು ತಪ್ಪಿಟ್ಟ ಚಿತ್ರ ಕಂಪ್ಯೂಟರಿನೊಳಗೆ ಇದ್ದೂ ಇಲ್ಲದ ಹಾಗೆ. ಮೊದಲು ಗಂಟಿನಲ್ಲಿ ಕಳೆದಿದ್ದೆವು, ಇನ್ನು ಪರದೆಯಲ್ಲಿ ಕಳೆಯುತ್ತೇವೆ. ಗಂಟಾದರೆ ಒಬ್ಬ ಪುಣ್ಯಾತ್ಮ ಗುಮಾಸ್ತ ಬಿಚ್ಚಿ ನೋಡಬಹುದಿತ್ತು.

ಇನ್ನು ಹೆಸರಿನ ಮಾತು. ನಮ್ಮ ಹಿರಿಯರ ಹೆಸರನ್ನು ಆ ಕೈ ಹೆಂಗ ಬರೆದಿದೆ ನೋಡಿದ್ದೀರಾ? ‘ಮಾಳ್ಯಾ ವಲ್ದ ಭೀಮ್ಯಾ.’ ಮಾಳಪ್ಪ ಎಂದು ಬರೆದಿದ್ದರೆ ಕುಲಕರ್ಣಿಯ ಲೇಖನಿ ಮೈಲಿಗೆಯಾಗುತ್ತಿತ್ತು. ಅಡ್ಡಹೆಸರಿನ ಜಾಗದಲ್ಲಿ ಜಾತಿ. ಇವತ್ತು ಮೊಮ್ಮಗನ ಆಧಾರ್ ಕಾರ್ಡಿನಲ್ಲಿ ಅಜ್ಜ ‘ಮಾಳಪ್ಪ’. ಪಹಣಿಗೆ ಆಧಾರ್ ಜೋಡಿಸಲು ಕುಂತರೆ ‘ಹೆಸರು ಕೂಡ್ತಿಲ್ಲ, ಅಫಿಡವಿಟ್ ತಾ, ವಂಶವೃಕ್ಷ ತಾ’ ಅನ್ನುತ್ತಾರೆ. ಎಂಬತ್ತು ವರ್ಷದ ಹಿಂದೆ ಅಪ್ಪ ಎನ್ನುವ ಎರಡಕ್ಷರವನ್ನು ನಮಗೆ ಕೊಡದವರು ತಪ್ಪಿತಸ್ಥರಲ್ಲ. ಆ ಎರಡಕ್ಷರವನ್ನು ನಾವೇ ಸೇರಿಸಿಕೊಂಡದ್ದು ಈಗ ತಪ್ಪಾಗಿದೆ! ಬೈಗುಳವನ್ನು ದಾಖಲೆ ಮಾಡಿ, ಆ ದಾಖಲೆಗೆ ಸರಿಯಾಗಿ ನೀನಿಲ್ಲ ಎನ್ನುವುದು ಯಾವ ನ್ಯಾಯ?

ಕಂಪ್ಯೂಟರ್ ಬಂದದ್ದು ಇದೇ ಮೊದಲಲ್ಲ. 2000ದ ಸುಮಾರಿಗೆ ‘ಭೂಮಿ’ ಬಂತು. ಸುಮಾರು 2 ಕೋಟಿ ಪಹಣಿ, 67 ಲಕ್ಷ ಹಿಡುವಳಿದಾರರ ಲೆಕ್ಕ ಕಂಪ್ಯೂಟರಿಗೆ ಹೋಯಿತು. ಕೈಬರಹದ ಪಹಣಿ ಇನ್ನು ನಡೆಯದು ಎಂದರು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ. ಆಗ ನಮ್ಮವರಿಗೆ ಖುಷಿಯೇ ಆಗಿತ್ತು, ಅದನ್ನು ಬಚ್ಚಿಡುವುದಿಲ್ಲ. ಗ್ರಾಮಲೆಕ್ಕಿಗನ ಮನೆಯ ದನದ ಕೊಟ್ಟಿಗೆ ಮುಂದೆ ಚಪ್ಪಲಿ ಬಿಟ್ಟು ನಿಲ್ಲುವುದು ತಪ್ಪಿತು. ಆದರೆ ಕಂಪ್ಯೂಟರಿಗೆ ಹೋದದ್ದು ಏನು? ಅದೇ ಗ್ರಾಮಲೆಕ್ಕಿಗನ ಕೈಬರಹ. ಗೌಡನಿಗೆ ಸಾಲದ ಲೆಕ್ಕದಲ್ಲಿ ಬಿಟ್ಟುಕೊಟ್ಟ ಹೊಲ, ಹತ್ತು ವರ್ಷ ಅವನು ಉತ್ತದ್ದಕ್ಕೆ ಅವನ ಹೆಸರೇ ಪಹಣಿಗೆ ಏರಿದ್ದರೆ ಕಂಪ್ಯೂಟರಿಗೂ ಅವನೇ ಮಾಲೀಕ. ಕೈಬರಹದಲ್ಲಿದ್ದಾಗ ಅದು ತಿದ್ದಬಹುದಾದ ತಪ್ಪು. ಅಚ್ಚಾಗಿ ಬಂದ ಮೇಲೆ ಸರಕಾರದ ಸತ್ಯ.

ಈ ಸತ್ಯವನ್ನು ಮುರಿಯಲು ನಮ್ಮ ಕೈಯಲ್ಲಿರುವುದು ಒಂದೇ ಸುತ್ತಿಗೆ, ಮೂಲ ಮಂಜೂರಿ ಕಡತ.

ಅದು ಹೆಂಗೆ ಎಂದು ಗೊತ್ತಿಲ್ಲದವರಿಗೆ ಬಿಡಿಸಿ ಹೇಳಬೇಕು. ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಕೊಂಡರೆ ಆ ಕ್ರಯ ಅಸಿಂಧು, ಜಮೀನು ವಾಪಸು ಎಂದು 1978ರಲ್ಲಿ ಕಾಯಿದೆ ಬಂತು. 1979ರ ಜನವರಿ 1ರಿಂದ ಜಾರಿ. ನಾವು ಪಿಟಿಸಿಎಲ್ ಅನ್ನುವುದು ಇದಕ್ಕೇ. ಅರ್ಜಿ ಸಹಾಯಕ ಆಯುಕ್ತರ ಮುಂದೆ. ಅಲ್ಲಿ ಮೊದಲ ಪ್ರಶ್ನೆ: ಇದು ಮಂಜೂರಾದ ಜಮೀನೇ ಹೌದೋ? ಆದೇಶ ಎಲ್ಲಿ? ಎಷ್ಟು ವರ್ಷ ಮಾರಬಾರದೆಂಬ ಷರತ್ತಿತ್ತು? ಸಾಗುವಳಿ ಚೀಟಿ ಎಲ್ಲಿ? ಮಂಜೂರಿ ರಿಜಿಸ್ಟರಿನ ನಕಲು ಎಲ್ಲಿ? 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ‘ಸಮಂಜಸ ಕಾಲದೊಳಗೆ ಬರಬೇಕಿತ್ತು’ ಎಂದಿತು. ಆಮೇಲೆ ತಡವಾಯಿತೆಂದು ನಮ್ಮವರ ಅರ್ಜಿಗಳು ಸಾಲಾಗಿ ಬಿದ್ದವು. ಹೋರಾಟ ಮಾಡಿ, ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತು, 2023ರಲ್ಲಿ ತಿದ್ದುಪಡಿ ಮಾಡಿಸಿಕೊಂಡೆವು: ಕಾಲಮಿತಿ ಇಲ್ಲ. ಆ ಮೇಲೂ ಹೈಕೋರ್ಟಿನಲ್ಲಿ ತಡದ ವಾದ ನಿಂತಿಲ್ಲ. ಇರಲಿ, ಅದು ಬೇರೆ ಜಗಳ.

ಇಸವಿ ಗಮನಿಸಿರಿ. 2023ರಲ್ಲಿ ಬಾಗಿಲು ತೆರೆಯಿತು. 2024ರಲ್ಲಿ ಕಾಗದ ಎತ್ತಿಡಲು ಶುರು. ಇದು ಹುನ್ನಾರ ಎಂದು ನಾವು ಹೇಳುವುದಿಲ್ಲ. ಮಾಡಿದವರ ಮನಸ್ಸಿನಲ್ಲಿ ಒಳ್ಳೆಯದೇ ಇರಬಹುದು. ಆದರೆ ಕಾಗದ ಎತ್ತುವಾಗ ಒಂದು ಗಂಟು ಕಡಿಮೆ ಬಂದರೆ ಯಾರಿಗೆ ಲಾಭ, ಯಾರ ಹೊಲ ಹೋಗುತ್ತದೆ ಎಂಬುದು ನಮಗೆ ಗೊತ್ತು, ಗೌಡನಿಗೂ ಗೊತ್ತು. ನಮ್ಮ ಜತೆ ಕೆಲಸ ಮಾಡುವವರೊಬ್ಬರ ಅವ್ವ ಮಂಜೂರಿ ನಕಲು ಕೇಳಿ ಅರ್ಜಿ ಹಾಕಿದ್ದರು. ‘ಕಡತ ಲಭ್ಯವಿಲ್ಲ’ ಎಂದು ಒಂದೇ ಸಾಲು, ಕೆಳಗೆ ಸಹಿ, ಶಿಕ್ಕಾ. ಆ ಮುದುಕಿಗೆ ಓದಲು ಬಾರದು. ಶಿಕ್ಕಾ ನೋಡಿ ಕೆಲಸ ಆಯಿತೆಂದು ತಿಳಿದು ಮನೆಗೆ ಬಂದು ಎಲ್ಲರಿಗೂ ಸಕ್ಕರೆ ಹಂಚಿದರು.

ಈ ಒಂದು ಸಾಲು ಇನ್ನು ಮುಂದೆ ‘ಸಿಸ್ಟಂನಾಗ ಇಲ್ಲ’ ಎಂದಾಗುತ್ತದೆ. ಮೊದಲಿನದಕ್ಕೆ ಗುಮಾಸ್ತನನ್ನು ಹಿಡಿದು ಕೇಳಬಹುದು. ಎರಡನೆಯದಕ್ಕೆ ಯಾರ ಕೊರಳಪಟ್ಟಿ ಹಿಡಿಯುವುದು?

ಕಾಗದವಿಲ್ಲದ ಅರ್ಜಿ ಏನು ಮಾಡಬಲ್ಲದು ಎಂದು ಆಳಂದದವರಿಗೆ ಯಾರೂ ಪಾಠ ಹೇಳಬೇಕಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದಲ್ಲಿ 6018 ಮತದಾರರ ಹೆಸರು ತೆಗೆಯಿರಿ ಎಂದು ಫಾರಂ 7 ಆನ್‌ಲೈನಿನಲ್ಲಿ ಬಂದು ಬಿದ್ದವು. ಅರ್ಜಿದಾರರೆಂದು ತೋರಿಸಿದ್ದವರಲ್ಲಿ ‘ನಾನು ಹಾಕೇ ಇಲ್ಲ’ ಅಂದವರಿದ್ದರು. ತಪಾಸಣೆ ಮಾಡಿದಾಗ ಖರೆ ಇದ್ದದ್ದು 24. ಸುಳ್ಳು 5994. ಇದು ಚುನಾವಣಾ ಆಯೋಗವೇ ಹೇಳಿದ ಲೆಕ್ಕ. ಆಳಂದ ಠಾಣೆಯಲ್ಲಿ ಎಫ್‌ಐಆರ್ ಆಯಿತು. ಐದು ಸಾವಿರದ ಒಂಬೈನೂರ ತೊಂಬತ್ತನಾಲ್ಕು ಜನ ಉಳಿದದ್ದು ಯಾರಿಂದ? ಕಂಪ್ಯೂಟರ್ ತಾನಾಗಿ ‘ಇದು ಸುಳ್ಳು’ ಎಂದು ಕೂಗಲಿಲ್ಲ. ಊರಿನಲ್ಲಿ ಮುಖ ಬಲ್ಲವರು ‘ಈ ಮನುಷ್ಯ ಇಲ್ಲೇ ಇದ್ದಾನಲ್ಲ’ ಎಂದು ಹುಡುಕಿದ್ದರಿಂದ, ಮನೆ ಬಾಗಿಲಿಗೆ ಹೋಗಿ ಕೇಳಿದ್ದರಿಂದ.

ಈ ಫಾರಂ 7 ಎಂಬುದರ ಹೆಸರು ಕೇಳಿದರೆ ನಮ್ಮ ಹಿರಿಯರಿಗೆ ಬೇರೆ ನೆನಪು. 1974ರ ಭೂಸುಧಾರಣೆಯಲ್ಲಿ ಉಳುವವನು ಹೊಲ ಕೇಳಲು ಹಾಕುತ್ತಿದ್ದ ಅರ್ಜಿಯೂ ಫಾರಂ 7. 1979ರ ಜೂನ್ 30 ಕಡೇ ದಿನ. ಆ ಫಾರಂ ಹಾಕಿದ್ದಕ್ಕೆ ನಮ್ಮವರನ್ನು ಕೆಲಸದಿಂದ ಬಿಡಿಸಿದರು, ಬಾವಿಯ ನೀರು ಬಂದ್ ಮಾಡಿದರು. ಹೆಬ್ಬೆಟ್ಟು ಒತ್ತಲು ಎದೆಗಾರಿಕೆ ಬೇಕಿತ್ತು. ಇವತ್ತಿನ ಫಾರಂ 7ಕ್ಕೆ ಬೆರಳೂ ಬೇಡ, ಎದೆಯೂ ಬೇಡ. ಹೊಲದ ವಿಷಯದಲ್ಲಿ ಹೀಗಾಗಲು ಬಿಡಬೇಕೋ?

ಬಗರ್‌ಹುಕುಂನವರಿಗೆ ಈಗ ಆಪ್ ಬಂದಿದೆ, ಆಕಾಶದಿಂದ ತೆಗೆದ ಚಿತ್ರ ನೋಡಿ 2005ಕ್ಕೆ ಮುಂಚೆ ಸಾಗುವಳಿ ಇತ್ತೋ ಇಲ್ಲೋ ಹೇಳುತ್ತದೆ. ಆಕಾಶಕ್ಕೆ ತೊಗರಿ ಹಸಿರು ಕಾಣುತ್ತದೆ. ಬಿತ್ತಿದವರು ಯಾರು ಕಾಣುವುದಿಲ್ಲ. ಮಳೆ ಕೈಕೊಟ್ಟ ವರ್ಷ ಹಸಿರೂ ಕಾಣದು.

ಹಾಗಾದರೆ ನಾವು ಕೇಳುವುದೇನು? ಸ್ಕ್ಯಾನ್ ಮುಗಿದ ಊರಿನ ಪಟ್ಟಿಯನ್ನು ಆ ಊರ ಚಾವಡಿಯಲ್ಲಿ ಹಾಕಿ, ಗಟ್ಟಿಯಾಗಿ ಓದಿ ಹೇಳಬೇಕು. ಹನುಮಂತ ದೇವರ ಗುಡಿಯ ಕಟ್ಟೆಯಲ್ಲಿ ಓದಿ ಹೋಗುವುದಲ್ಲ, ನಮ್ಮ ಕೇರಿಗೂ ಬಂದು ಓದಬೇಕು. ಪರಿಶಿಷ್ಟರಿಗೆ ಮಂಜೂರಾದ ಸರ್ವೆ ನಂಬರು ಇಷ್ಟು, ಕಡತ ಸಿಕ್ಕಿದ್ದು ಇಷ್ಟು, ಸಿಗದೇ ಇದ್ದದ್ದು ಇಷ್ಟು. ಎಲ್ಲಕ್ಕಿಂತ ಮುಖ್ಯವಾದದ್ದು ಈ ಮೂರನೇ ಪಟ್ಟಿ. ಇಷ್ಟು ಕೋಟಿ ಪುಟ ಮುಗಿಸಿದೆವು ಎಂದು ಹೇಳುವ ಇಲಾಖೆ ಎಷ್ಟು ಕಡತ ಕಳೆದಿವೆ ಎಂದೂ ಹೇಳಲಿ. ಜೇವರ್ಗಿಯಿಂದ ಯಡ್ರಾಮಿ ಬೇರೆ ತಾಲೂಕಾಯಿತಲ್ಲ, ಆವಾಗ ಯಾವ ಗಂಟು ಎಲ್ಲಿಗೆ ಹೋಯಿತು, ಅದರ ಯಾದಿಯನ್ನೂ ತೋರಿಸಲಿ. ಮಂಜೂರಿ ರಿಜಿಸ್ಟರಿನಲ್ಲಿ ಹೆಸರಿದ್ದು ಕಡತ ಇಲ್ಲದ ಕಡೆ ಕಳೆದ ತಪ್ಪು ಕಚೇರಿಯದು. ಅದರ ಶಿಕ್ಷೆ ಮುದುಕಿಗೆ ಆಗಬಾರದು. ರಿಜಿಸ್ಟರಿನ ಸಾಲನ್ನೇ ಸಾಕ್ಷಿಯೆಂದು ಒಪ್ಪಬೇಕು. ಮಂಜೂರಾದ ಜಮೀನೆಂಬ ಷರಾ ಪಹಣಿಯಲ್ಲೇ ಕಾಣಬೇಕು, ಕೊಳ್ಳಲು ಬಂದವನು ‘ಗೊತ್ತಿರಲಿಲ್ಲ’ ಅನ್ನಬಾರದು.

ಮತ್ತೆ, ಸ್ಕ್ಯಾನ್ ಆಯಿತೆಂದು ಮೂಲ ಕಾಗದವನ್ನು ಯಾರೂ ಮುಟ್ಟಕೂಡದು. ಸಹಿ ತಿದ್ದಿದ್ದು, ಮಸಿ ಬದಲಾದದ್ದು, ಹೆಬ್ಬೆಟ್ಟು ಯಾರದೆಂಬುದು ಕೋರ್ಟಿನಲ್ಲಿ ತಕರಾರಾದರೆ ಮೂಲ ಹಾಳೆ ಬೇಕು, ಚಿತ್ರ ಸಾಲದು. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟದ್ದು ನಮ್ಮನ್ನು ತುಳಿಯಲು ಬರೆದ ಕಾಗದ. ನಮಗೆ ಹೊಲ ಕೊಟ್ಟ ಕಾಗದವನ್ನು ಸುಡಲು ನಾವು ಯಾರಿಗೂ ಅಪ್ಪಣೆ ಕೊಟ್ಟಿಲ್ಲ. ಸರಕಾರದ ದಾಖಲೆ ಹಾಳು ಮಾಡಿದವರಿಗೆ ಜೈಲು ಎಂದು 2010ರ ಕರ್ನಾಟಕ ಸಾರ್ವಜನಿಕ ದಾಖಲೆಗಳ ಕಾಯಿದೆ ಹೇಳುತ್ತದೆ. ‘ಕಡತ ಸಿಗವಲ್ದು’ ಎನ್ನುವುದು ಮಾಹಿತಿ ಕೊಡದಿರಲು ಸಬೂಬಲ್ಲ ಎಂದು 2013ರಲ್ಲೇ ದಿಲ್ಲಿ ಹೈಕೋರ್ಟು ಹೇಳಿದೆ. ಮುಂದಿನ ಸೋಮವಾರ ಬಾ ಎಂದವರಿಗೆ ಈ ಎರಡು ಮಾತು ಹೇಳಿ, ಬರೆದು ಕೊಡಿ ಎಂದು ಅಲ್ಲೇ ಕೂಡಿರಿ. ಬಾಯಿಮಾತಿನ ಉತ್ತರ ತರಬೇಡಿರಿ.

ಬರುವ ಸಭೆಗೆ ಬರುವಾಗ ಮನೆಯ ಟ್ರಂಕು, ಗಳುವಿನ ಸಂದಿ, ಅಜ್ಜಿಯ ಚೀಲ ಎಲ್ಲ ಹುಡುಕಿ ಇದ್ದಬಿದ್ದ ಚೀಟಿ ತನ್ನಿರಿ. ಏನೂ ಇಲ್ಲದವರು ಊರು, ಸರ್ವೆ ನಂಬರು, ಹೊಲದ ನಾಲ್ಕು ದಿಕ್ಕಿಗೆ ಯಾರ ಹೊಲ ಇತ್ತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆಸಿಕೊಂಡು ಬನ್ನಿರಿ. ಅರ್ಜಿ ಬರೆಯುವವರು ಕೂತಿರುತ್ತಾರೆ, ದುಡ್ಡು ಬೇಡ. ಉರ್ದು ಕಾಗದ ಇದ್ದರೆ ಅದನ್ನೂ ತನ್ನಿರಿ. ಓದುವ ಹಿರಿಯರು ಇಬ್ಬರು ಮೂವರು ಇನ್ನೂ ನಮ್ಮ ನಡುವೆ ಇದ್ದಾರೆ.