ಗುಂಡಿ ಒತ್ತಿದರೆ ಸಾಕೆಂಬ ಸೀಮೆ

ಮಂಡ್ಯ ಸೀಮೆಯವರ ಮುಂದೆ ತಂತ್ರಜ್ಞಾನದ ಮಾತೆತ್ತಿ ನೋಡಿ, ಮೊದಲು ಬರುವ ಉತ್ತರ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ. ‘ಇಂಡಿಯಾಕ್ಕೆ ಕರೆಂಟು ತೋರಿಸಿದವರೇ ನಾವು’ ಎಂದು ಎದೆಯುಬ್ಬಿಸುತ್ತೇವೆ. ಡಾರ್ಜಿಲಿಂಗಿನಲ್ಲಿ 1897ರಲ್ಲೇ ಒಂದು ಸಣ್ಣ ಜಲವಿದ್ಯುತ್ ಘಟಕ ಓಡುತ್ತಿತ್ತು ಎಂದು ಹೇಳಿದರೆ ಮುಖ ಸಿಂಡರಿಸುತ್ತೇವೆ. ಮಳವಳ್ಳಿ ತಾಲ್ಲೂಕಿನ ಆ ಸಾಧನೆಗೆ ಸುಳ್ಳಿನ ಆಸರೆ ಬೇಕಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕೈಗೆತ್ತಿಕೊಂಡ ಯೋಜನೆ 1902ರಲ್ಲಿ ಮುಗಿದಾಗ, ಕಾವೇರಿಯ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿಗೂ ಬೆಳಕಾಯಿತು. ಆಮೇಲೆ ಕನ್ನಂಬಾಡಿ ಅಣೆಕಟ್ಟೆ ಬಂತು, ನಾಲೆ ಬಂತು, 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಬಂತು.

ಬಂತು, ಬಂತು, ಬಂತು. ನಮ್ಮ ಹೆಮ್ಮೆಯ ಪಟ್ಟಿಯಲ್ಲಿ ಎಲ್ಲವೂ ಬಂದದ್ದೇ. ಬಂದದ್ದನ್ನು ಬಿಚ್ಚಿ ನೋಡಿದ್ದು, ಕೆಟ್ಟಾಗ ಕೈಹಾಕಿದ್ದು, ಮುಂದಕ್ಕೆ ಒಂದು ಹೆಜ್ಜೆ ಒಯ್ದದ್ದು ಎಷ್ಟು ಎಂದು ಕೇಳಿದರೆ ಸಭೆ ಮೌನ.

ವಾಲ್ವ್ ರೇಡಿಯೊ ಬಿಚ್ಚುವ ಚಟದಿಂದ ಇವತ್ತಿನ ಎಐವರೆಗೆ ಯಂತ್ರಗಳ ಹುಚ್ಚು ಬಿಡದವನು ನಾನು. ಹೊಸ ಯಂತ್ರ ಕಂಡರೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ನಮ್ಮ ಅಭ್ಯಾಸದ ಮೇಲೆ. ಗುಂಡಿ ಒತ್ತುತ್ತೇವೆ, ಕೆಲಸವಾದರೆ ನಮ್ಮ ಜಾಣತನ, ಆಗದಿದ್ದರೆ ಸರ್ಕಾರದ ತಪ್ಪು. ನಡುವೆ ನಮಗೇನೂ ಕೆಲಸವಿಲ್ಲ. ‘ಆಯ್ತದೆ ಬುಡಿ’ ಎಂದು ಅರಳಿಕಟ್ಟೆಗೆ ಹೋಗಿ ಕೂರುತ್ತೇವೆ.

ಗದ್ದೆಯ ಪಂಪ್‌ಸೆಟ್ಟನ್ನೇ ನೋಡಿ. ಆಟೋ ಸ್ಟಾರ್ಟರ್ ಹಾಕಿ ಮನೆಗೆ ಬಂದು ಮಲಗುತ್ತೇವೆ. ಮೋಟರು ಓಡುವಾಗ ಎಳೆಯುವುದಕ್ಕಿಂತ ಹಲವು ಪಟ್ಟು ಕರೆಂಟನ್ನು ಹೊರಡುವಾಗ ಎಳೆಯುತ್ತದೆ. ತ್ರೀ ಫೇಸ್ ಬಂದ ಗಳಿಗೆಯಲ್ಲೇ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಕೆಳಗಿನ ಅಷ್ಟೂ ಮೋಟರು ಒಟ್ಟಿಗೆ ಎದ್ದರೆ ಟಿ.ಸಿ. ಸುಡದೆ ಇನ್ನೇನಾದೀತು? ಕೆಪಾಸಿಟರ್ ಹಾಕಿಸಿ, ಸರದಿಯಲ್ಲಿ ಆನ್ ಮಾಡಿ ಎಂದು ಲೈನ್‌ಮನ್ ಹೇಳಿದರೆ ‘ನಮಗೇನು ಬಿಲ್ ಬರ್ತದಾ?’ ಎಂಬ ಉತ್ತರ. ಹತ್ತು ಎಚ್‌ಪಿವರೆಗೆ ಬಿಲ್ ಇಲ್ಲ, ನಿಜ. ಆದರೆ ಟಿ.ಸಿ. ಸುಟ್ಟ ಮೇಲೆ ಒಣಗುವುದು ನಮ್ಮದೇ ಪೈರು. ಕರೆಂಟಿಗೆ ಹೆಸರಾದ ಜಿಲ್ಲೆಯಲ್ಲಿ ಇಷ್ಟು ಸಣ್ಣ ಲೆಕ್ಕ ನಮಗೆ ಬರುವುದಿಲ್ಲವೆ? ಬರುತ್ತದೆ. ಮಾಡುವ ಮನಸ್ಸಿಲ್ಲ.

ನಾಲೆಯ ಕಥೆ ಇನ್ನೂ ಕೆಟ್ಟದ್ದು. ಕನ್ನಂಬಾಡಿಯಿಂದ ಹೊರಟು ಹುಲಿಕೆರೆಯ ಸುರಂಗ ದಾಟಿ ಬರುವ ವಿಶ್ವೇಶ್ವರಯ್ಯ ನಾಲೆಯನ್ನು ಕಟ್ಟಿದ್ದೇ ಮಂಡ್ಯ, ಮದ್ದೂರು, ಮಳವಳ್ಳಿಯ ಒಣಭೂಮಿಗೆ ನೀರುಣಿಸಲು. ಮೇಲಿನವರು ತೂಬು ಏರಿಸಿ ಗದ್ದೆಯಲ್ಲಿ ನೀರು ನಿಲ್ಲಿಸಿ, ಕಬ್ಬಿಗೂ ಕಾಲುವೆಯನ್ನೇ ತಿರುಗಿಸಿಬಿಡುತ್ತಾರೆ. ಮದ್ದೂರು, ಮಳವಳ್ಳಿಯ ಕೊನೆಭಾಗದ ರೈತ ಒಣ ಕಾಲುವೆಯ ಏರಿಯ ಮೇಲೆ ನಿಂತು ನೀರು ಬಿಡುವ ಸೌಡಿಯನ್ನು ಬೈಯುತ್ತಾನೆ. ತಮಿಳುನಾಡಿಗೆ ನೀರು ಬಿಟ್ಟಾಗ ಹೆದ್ದಾರಿ ತಡೆಯುವ ನಾವು, ನಮ್ಮ ತೂಬಿನಿಂದ ಪಕ್ಕದ ಊರಿನವನ ನೀರು ಹೋದಾಗ ಒಂದು ದಿನವಾದರೂ ರಸ್ತೆಗಿಳಿದೆವೆ? ಅಣೆಕಟ್ಟೆಯ ಮಟ್ಟ 124.80 ಅಡಿ ಮುಟ್ಟಿದರೆ ಹೋಳಿಗೆ ಊಟ, ಮುಟ್ಟದಿದ್ದರೆ ಧರಣಿ. ಈ ಎರಡರ ನಡುವೆ ಹನಿ ನೀರಾವರಿ, ಬೆಳೆ ಬದಲಾವಣೆ, ನೀರಿನ ಅಳತೆ ಎಂಬ ಸಂಗತಿಗಳೂ ಇವೆ ಎಂಬುದು ನಮಗೆ ಬೇಕಿಲ್ಲ.

ಅದೇ ನಾಲೆಗೆ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ 2018ರ ನವೆಂಬರ್ 24ರಂದು ಬಸ್ಸು ಬಿದ್ದು 30 ಜನ ಸತ್ತರು. ಅವರಲ್ಲಿ ಶಾಲೆಯ ಮಕ್ಕಳೂ ಇದ್ದರು. ಅತ್ತೆವು, ಪರಿಹಾರ ಹಂಚಿದೆವು, ಮರೆತೆವು. 2023ರಲ್ಲಿ ಮತ್ತೆ ಕಾರುಗಳು ನಾಲೆಗೆ ಬಿದ್ದವು, ಮತ್ತೆ ಹೆಣಗಳನ್ನು ಎತ್ತಿದೆವು. ಇದಕ್ಕೆ ಬೇಕಿದ್ದದ್ದು ಉಪಗ್ರಹವೂ ಅಲ್ಲ, ರೋಬೊ ಕೂಡ ಅಲ್ಲ. ರಸ್ತೆಗೂ ನೀರಿಗೂ ನಡುವೆ ಒಂದು ತಡೆಗೋಡೆ. ಹೆದ್ದಾರಿಯಲ್ಲಿ ವೇಗ ಹಿಡಿಯುವ ಎಐ ಕ್ಯಾಮೆರಾ ಬಂದಾಗ ‘ನೋಡಿದ್ರಾ, ಎಷ್ಟು ಮುಂದುವರಿದಿದ್ದೀವಿ’ ಎಂದು ಬೀಗಿದೆವು. ತಡೆಗೋಡೆಯಿಲ್ಲದ ಏರಿಯ ಮೇಲೆ ಮಕ್ಕಳನ್ನು ಬಸ್ಸು ಹತ್ತಿಸುವ ಊರಿಗೆ ಕ್ಯಾಮೆರಾದ ಜಂಬ ಶೋಭೆಯಲ್ಲ.

ಇನ್ನು ವ್ಯಾಪಾರ. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾದ ಲೆಸ್ಲಿ ಕೋಲ್ಮನ್, ನಾಲೆಯ ನೀರಿಗೂ ಕಬ್ಬಿಗೂ ಕಾರ್ಖಾನೆಗೂ ಗಂಟು ಹಾಕಿ ಮೈಷುಗರ್ ಕಟ್ಟಲು ದುಡಿದವರು. ರೈತರೂ ಅದರ ಷೇರುದಾರರು. ಷೇರು ಎಂದರೆ ಕೇವಲ ಬಿಲ್ಲಿನ ಬಾಕಿ ಕೇಳುವ ಹಕ್ಕಲ್ಲ. ಯಂತ್ರ ಯಾವಾಗ ಬದಲಾಯಿತು, ಕಬ್ಬಿನಿಂದ ಸಕ್ಕರೆಯ ಇಳುವರಿ ಏಕೆ ಇಳಿಯಿತು, ಲೆಕ್ಕ ಯಾರು ಬರೆದರು ಎಂದು ವರ್ಷವರ್ಷವೂ ಕೇಳುವ ಹೊಣೆ. ಆ ಹೊಣೆ ನಮ್ಮಲ್ಲಿ ಎಷ್ಟು ಜನ ಹೊತ್ತರು? ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಹಾಕಿತು. 2022ರಲ್ಲಿ ಸರ್ಕಾರದ ದುಡ್ಡಿನಿಂದ ಮತ್ತೆ ಅರೆಯತೊಡಗಿತು. ‘ಸದ್ಯ, ಶುರುವಾಯ್ತಲ್ಲ’ ಎಂದು ಮತ್ತೆ ಕೂತೆವು. ಪಕ್ಕದ ಆಲೆಮನೆಯಲ್ಲಿ ಬಣ್ಣಕ್ಕೆ ಹೈಡ್ರೋಸ್ ಎಂಬ ರಾಸಾಯನಿಕ, ತೂಕಕ್ಕೆ ಸಕ್ಕರೆ ಬೆರೆಸಿ ಮಂಡ್ಯ ಬೆಲ್ಲದ ಹೆಸರನ್ನು ನಮ್ಮ ಕೈಯಾರೆ ಹಾಳು ಮಾಡುವವರಿದ್ದಾರೆ. ಅದು ಗೊತ್ತಿದ್ದೂ ಕೊಳ್ಳುವ ದಲ್ಲಾಳಿಯಿದ್ದಾನೆ, ಬಾಯಿ ಮುಚ್ಚಿಕೊಂಡಿರುವ ನಾವಿದ್ದೇವೆ.

ಮದ್ದೂರು ವಡೆಯದೂ ಇದೇ ಪಾಡು. 1917ರಲ್ಲಿ ರಾಮಚಂದ್ರ ಬುಧ್ಯ ಅವರು ರೈಲು ನಿಲ್ದಾಣದಲ್ಲಿ ಮಾರತೊಡಗಿದ ಗರಿಗರಿ ವಡೆ ಒಂದು ಊರಿಗೇ ಹೆಸರು ತಂದಿತು. ರೈಲು ಎಷ್ಟು ಹೊತ್ತು ನಿಲ್ಲುತ್ತದೆ, ಪ್ರಯಾಣಿಕನಿಗೆ ಏನು ಬೇಕು ಎಂಬುದನ್ನು ಅರಿತ ವ್ಯಾಪಾರ ಅದು. 2023ರ ಮಾರ್ಚ್‌ನಲ್ಲಿ ಮದ್ದೂರಿನ ಗೆಜ್ಜಲಗೆರೆಯಲ್ಲೇ ಪ್ರಧಾನಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದರು. ವಾಹನಗಳು ಊರಿಗೆ ಬಾರದೆ ಹೊರಗಿನಿಂದಲೇ ಓಡತೊಡಗಿದವು. ಗಿರಾಕಿ ತಪ್ಪಿದರು ಎಂಬ ಗೋಳು ಎಲ್ಲೆಡೆ ಕೇಳಿತು. ಆದರೆ ಬೈಪಾಸು ರಾತ್ರೋರಾತ್ರಿ ಬಿದ್ದದ್ದಲ್ಲ. ಭೂಸ್ವಾಧೀನದ ನೋಟಿಸು, ಮಣ್ಣಿನ ರಾಶಿ, ಜೆಸಿಬಿ ಸದ್ದು ಎಲ್ಲವೂ ವರ್ಷಗಳ ಕಾಲ ಕಣ್ಣೆದುರಿಗೇ ಇದ್ದವು. ದಿನಗಟ್ಟಲೆ ಕೆಡದ ತಿಂಡಿ ಕೈಯಲ್ಲಿದ್ದೂ, ಕೆಲವರ ಹೊರತು ಯಾರೂ ಒಳ್ಳೆಯ ಪ್ಯಾಕೆಟ್ಟು, ದೂರದ ಪೇಟೆ ಎಂದು ಯೋಚಿಸಲಿಲ್ಲ. ರಸ್ತೆ ಬಂದ ಮೇಲೆ ರಸ್ತೆಯನ್ನು ಬೈದೆವು.

ಮುಂದೇನೆಂದು ಯೋಚಿಸದ ಈ ಚಾಳಿ ಕಂಡೇ ಇಲ್ಲಿ ವೈಜ್ಞಾನಿಕ ಕಥೆಗಳ ಮಾತು ತರುತ್ತೇನೆ. ‘ಅದೆಲ್ಲ ಮಕ್ಕಳ ಕಥೆ ಮೇಷ್ಟ್ರೇ’ ಎಂದು ನಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವರ್ಷಾನುಗಟ್ಟಲೆ ವೈಜ್ಞಾನಿಕ ಕಥೆ ಬರೆದರು; ನಮ್ಮ ಎಷ್ಟು ಶಾಲೆಗಳ ಕಪಾಟಿನಲ್ಲಿ ಅವರಿದ್ದಾರೆ? ಈ ಕಥೆಗಳ ಕೆಲಸ ರಾಕೆಟ್ಟು ತೋರಿಸುವುದಲ್ಲ, ‘ಹೀಗೇ ಮುಂದುವರಿದರೆ ಏನಾದೀತು?’ ಎಂದು ಕೇಳುವುದು. ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1909ರಲ್ಲಿ, ಅಂದರೆ ಕನ್ನಂಬಾಡಿಯ ಕೆಲಸ ಶುರುವಾಗುವುದಕ್ಕೂ ಮುಂಚೆ, ‘ದಿ ಮೆಷಿನ್ ಸ್ಟಾಪ್ಸ್’ ಎಂಬ ಕಥೆ ಬರೆದ. ಅದರಲ್ಲಿ ಜನ ನೆಲದಡಿಯ ಕೋಣೆಗಳಲ್ಲಿ ಒಬ್ಬೊಬ್ಬರೇ ಬದುಕುತ್ತಾರೆ. ಗುಂಡಿ ಒತ್ತಿದರೆ ಊಟ, ಗುಂಡಿ ಒತ್ತಿದರೆ ಸಂಗೀತ, ಪರದೆಯಲ್ಲಿ ಗೆಳೆಯರ ಮುಖ. ಒಂದು ದಿನ ಸಂಗೀತದಲ್ಲಿ ಅಪಸ್ವರ ಬರುತ್ತದೆ. ದೂರು ಕೊಡುತ್ತಾರೆ, ಕೆಲವು ದಿನದಲ್ಲಿ ಅದಕ್ಕೇ ಒಗ್ಗಿಕೊಳ್ಳುತ್ತಾರೆ. ಸ್ನಾನದ ನೀರು ನಾರುತ್ತದೆ, ಅದಕ್ಕೂ ಒಗ್ಗಿಕೊಳ್ಳುತ್ತಾರೆ. ಕೊನೆಗೆ ರಿಪೇರಿ ಮಾಡುವ ಯಂತ್ರವೇ ಕೆಟ್ಟಿದೆ ಎಂದು ತಿಳಿಯುತ್ತದೆ. ಅಷ್ಟರಲ್ಲಿ ಯಂತ್ರದ ಒಳಗನ್ನು ಪೂರ್ತಿ ಬಲ್ಲವರು ಯಾರೂ ಉಳಿದಿರುವುದಿಲ್ಲ.

ಯಂತ್ರ ನಿಂತಾಗ ಸತ್ತ ಆ ಜನರನ್ನು ಕೊಂದದ್ದು ಯಂತ್ರವಲ್ಲ, ಒಗ್ಗಿಕೊಳ್ಳುವ ಗುಣ. ಹುಳುಕಿಗೆ ಒಗ್ಗಿಕೊಳ್ಳುವುದನ್ನೇ ತಾಳ್ಮೆ ಎಂದು ಕರೆದುಕೊಂಡ ನಮಗೆ ಈ ಕಥೆ ಹೊರಗಿನದಲ್ಲ.

ಹಾಗಂತ ನಮಗೆ ಯಂತ್ರ ಕಲಿಯಲು ಬರುವುದಿಲ್ಲವೆಂದೂ ಅಲ್ಲ. ಬೇಕಾದಾಗ ಎಷ್ಟು ಚುರುಕು ಎಂಬುದನ್ನು 2023ರಲ್ಲಿ ನಾಡೇ ನೋಡಿತು. ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಬಯಲಿಗೆಳೆದರು. 1994ರಲ್ಲೇ ಇದರ ವಿರುದ್ಧ ಕಾಯ್ದೆ ಬಂದಿದೆ. ಗರ್ಭದ ಮಗುವಿನ ಆರೋಗ್ಯ ನೋಡಲು ಬಳಸುವ ಯಂತ್ರವನ್ನು ಬೆಲ್ಲದ ಕೊಪ್ಪರಿಗೆಯ ಪಕ್ಕಕ್ಕೆ ಹೊತ್ತೊಯ್ಯುವ ಜಾಣತನ ಇತ್ತು. ಹೆಣ್ಣುಮಗುವನ್ನು ಉಳಿಸಿಕೊಳ್ಳುವ ನೀಯತ್ತು ಇರಲಿಲ್ಲ. ಅದೇ ವರ್ಷದ ಫೆಬ್ರುವರಿಯಲ್ಲಿ ಹೆಣ್ಣು ಸಿಗದ ಯುವಕರು ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದರು. ರೈತನಿಗೆ ಹೆಣ್ಣು ಕೊಡುವುದಿಲ್ಲ ಎಂಬ ದೂರಿನಲ್ಲಿ ನಿಜವಿದೆ. ಆದರೆ ಹುಟ್ಟಲು ಬಿಡದ ಹೆಣ್ಣುಮಕ್ಕಳ ಲೆಕ್ಕವನ್ನು ಮಾದಪ್ಪನ ಮುಂದೆ ಯಾರು ಒಪ್ಪಿಸಬೇಕು?

ಬೇರೆ ದಾರಿ ಇಲ್ಲವೇ ಎಂದು ಕೇಳಬೇಡಿ, ನಮ್ಮ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲೇ ಇದೆ. ರಾಗಿಯ ಹೂವು ತೀರಾ ಸಣ್ಣದು, ತನ್ನ ಪರಾಗದಿಂದಲೇ ಕಾಳು ಕಟ್ಟುವಂಥದ್ದು. ಬೇರೆ ತಳಿಯೊಂದಿಗೆ ಅದನ್ನು ಕೂಡಿಸುವುದು ಕಣ್ಣಿಗೂ ಕೈಗೂ ಪರೀಕ್ಷೆ. ಅಲ್ಲಿ ದುಡಿದ ಲಕ್ಷ್ಮಣಯ್ಯ ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು, ಇಳುವರಿ ಏರಿತು, ನಾಡು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದು ಕರೆಯಿತು. ಅದೇ ಫಾರಂನಿಂದ ಕೆಆರ್‌ಎಚ್-2 ಹೈಬ್ರಿಡ್ ಭತ್ತವೂ ಬಂತು. ‘ಇರುವ ರಾಗಿ ಸಾಕು’ ಎಂದು ಕೂತಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಮುದ್ದೆ ಉಣ್ಣುವ ನಮ್ಮಲ್ಲಿ ಎಷ್ಟು ಜನರಿಗೆ ಲಕ್ಷ್ಮಣಯ್ಯನವರ ಹೆಸರು ಗೊತ್ತು?

ಈಗ ಎಐ ಬಂದಿದೆ. ಹುಡುಗರು ಅರ್ಜಿಯನ್ನೂ ಪ್ರೇಮಪತ್ರವನ್ನೂ ಪ್ರಾಜೆಕ್ಟ್ ವರದಿಯನ್ನೂ ಅದರಿಂದಲೇ ಬರೆಸುತ್ತಾರೆ, ತಪ್ಪೇನಿಲ್ಲ. ಆದರೆ ಅದು ತಪ್ಪು ಹೇಳಿದಾಗ ಹಿಡಿಯಲು ಬೇಕಾದ ಓದು ಎಲ್ಲಿ? ಮಳವಳ್ಳಿಯ ತೊರೆಕಾಡನಹಳ್ಳಿಯಿಂದ 1974ರಿಂದ ಬೆಂಗಳೂರಿಗೆ ಕಾವೇರಿ ಏರುತ್ತಿದೆ, 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಸೇರಿತು. ಊರ ಪಕ್ಕದಲ್ಲೇ ಇಷ್ಟು ದೊಡ್ಡ ಪಂಪುಗಳು ನಡೆಯುತ್ತಿದ್ದರೂ, ಅವು ನೀರನ್ನು ಅಷ್ಟೆತ್ತರಕ್ಕೆ ಹೇಗೆ ನೂಕುತ್ತವೆ ಎಂದು ಹೇಳಬಲ್ಲ ಪಿಯುಸಿ ಹುಡುಗರು ತಾಲ್ಲೂಕಿನಲ್ಲಿ ಎಷ್ಟಿದ್ದಾರೆ?

ಆದ್ದರಿಂದ ಇನ್ನು ಮೇಲೆ 1902ರ ಮಾತೆತ್ತುವ ಮುಂಚೆ ಒಂದಿಷ್ಟು ಕೆಲಸ ಮಾಡಿ ತೋರಿಸಿ. ಕೆಪಾಸಿಟರ್ ಹಾಕಿಸಿ. ನಿಮ್ಮ ತೂಬಿನ ನೀರು ಎಷ್ಟೆಂದು ಗ್ರಾಮಸಭೆಯಲ್ಲಿ ಕೇಳಿ, ಉತ್ತರ ಬರೆಸಿಕೊಳ್ಳಿ. ತಡೆಗೋಡೆಯಿಲ್ಲದ ಏರಿಯ ಪಟ್ಟಿ ಮಾಡಿ ತಹಸೀಲ್ದಾರರ ಮೇಜಿನ ಮೇಲಿಡಿ, ಗೋಡೆ ಏಳುವವರೆಗೆ ಬೆನ್ನು ಹತ್ತಿ. ಷೇರಿದ್ದರೆ ಲೆಕ್ಕ ಓದಿ. ಮಕ್ಕಳನ್ನು ಶಿವನಸಮುದ್ರಕ್ಕೆ ಕರೆದೊಯ್ದರೆ ಜಲಪಾತದ ಮುಂದೆ ಸೆಲ್ಫಿ ತೆಗೆಸಿ ವಾಪಸು ತರಬೇಡಿ, ಟರ್ಬೈನು ಹೇಗೆ ತಿರುಗುತ್ತದೆಂದು ಕಲಿಸಿ. ನಿಮಗೆ ಗೊತ್ತಿಲ್ಲದಿದ್ದರೆ ಮೊದಲು ನೀವು ಕಲಿಯಿರಿ. ಇಷ್ಟೂ ಮಾಡಲಾಗದಿದ್ದರೆ ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಕೋಲ್ಮನ್ ಅವರ ಹೆಸರು ಹೇಳಿ ಬೀಗುವುದನ್ನಾದರೂ ನಿಲ್ಲಿಸಿ. ಅದು ಅವರು ದುಡಿದು ಗಳಿಸಿದ ಹೆಸರು, ನಮ್ಮದಲ್ಲ.