ಕೊಂಡವರ ಹಕ್ಕು, ಮಾರಿದವರ ಕಾಯಕ

ಕಾಯಕವೆಂದರೆ ಕೇವಲ ದುಡಿಮೆಯಲ್ಲ. ಪಡೆದ ಹಣಕ್ಕೆ ತಕ್ಕ ಸತ್ಯಶುದ್ಧ ಸೇವೆ. ನಾವು ಸಾಲ ಮಾಡಿ ಕೊಂಡ ಹೊಸ ಕಾರು ಮೂರು ತಿಂಗಳೊಳಗೆ ನಾಲ್ಕು ಬಾರಿ ದಾರಿಯಲ್ಲಿ ನಿಂತಿತು. ಪ್ರತಿ ಸಲವೂ ಮಾರಾಟಗಾರರು ‘ಸರಿಪಡಿಸಿದ್ದೇವೆ’ ಎಂದರು. ದೋಷ ಮಾತ್ರ ಉಳಿಯಿತು. ಮಾರಾಟಗಾರರಿಗೂ ತಯಾರಕರಿಗೂ ಲಿಖಿತ ದೂರು ತಲುಪಿದ ಮೇಲೆಯೇ ಇಂಧನದ ಪಂಪು ಬದಲಾಯಿತು.

ಇಂಥಲ್ಲಿ ಕೋಪಕ್ಕಿಂತ ಕಾಗದವೇ ಬಲವಾದುದು. ವಾಹನವನ್ನು ದುರಸ್ತಿಗೆ ಒಪ್ಪಿಸುವಾಗಲೆಲ್ಲ ದೋಷವನ್ನು ಜಾಬ್ ಕಾರ್ಡಿನಲ್ಲಿ ಬರೆಯಿಸಿ ಪ್ರತಿಯನ್ನು ಪಡೆಯಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿಯೂ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಆದರೆ ದೂರಿಗೆ ಕಾರಣ ಉಂಟಾದ 2 ವರ್ಷಗಳೊಳಗೆ ಸಲ್ಲಿಸಬೇಕು. ತಯಾರಿಕೆಯ ದೋಷವೆಂದು ವಾದಿಸುವಾಗ ತಜ್ಞರ ವರದಿ ಬಹುಮಟ್ಟಿಗೆ ಅವಶ್ಯ.

‘ಜಗಳವೇಕೆ’ ಎಂದು ಸುಮ್ಮನಾಗುವುದು ಸಾತ್ವಿಕತೆಯಲ್ಲ. ನಮ್ಮ ಮೌನದ ಫಲವನ್ನು ಮುಂದೆ ಕೊಳ್ಳುವ ಇನ್ನೊಂದು ಬಡ ಸಂಸಾರ ಉಣ್ಣಬೇಕಾಗುತ್ತದೆ. ನಮ್ಮ ಸಮಾಜದಲ್ಲಿಯೂ ಅಂಗಡಿ, ಮಳಿಗೆ ನಡೆಸುವ ಬಂಧುಗಳು ಅನೇಕರಿದ್ದಾರೆ. ಮಾರುವಾಗ ತೋರಿದ ನಗುಮುಖವನ್ನೇ ದೂರು ಹೊತ್ತು ಬಂದವರಿಗೂ ತೋರಿದರೆ ಅವರ ಗದ್ದುಗೆಯೂ ಶರಣರ ಕಾಯಕಪೀಠವಾದೀತು.