ರಾತ್ರಿ ಊಟ ಬಿಟ್ಟರೂ ಇಳಿಯದ ಶುಗರ್

ಊರಿಂದ ನಿಮಗೂ ಗ್ಲುಕೋಮೀಟರ್ ಫೋಟೋ ವಾಟ್ಸಾಪ್‌ನಲ್ಲಿ ಬರುತ್ತಾ? ನನಗೆ ನಿಡಗುಂದಿಯಿಂದ ಬರುತ್ತೆ. ಕಾಕಾಗೆ ಹನ್ನೆರಡು ವರ್ಷದಿಂದ ಟೈಪ್ 2 ಡಯಾಬಿಟಿಸ್, ಮೂರು ಥರದ ಮಾತ್ರೆ. ಡಾಕ್ಟರು ಇನ್ಸುಲಿನ್ ಮಾತೆತ್ತಿದ ದಿನದಿಂದ ಅವರು ರಾತ್ರಿ ಊಟವನ್ನೇ ಕಡಿಮೆ ಮಾಡಿದ್ರು. "ಅರ್ಧ ರೊಟ್ಟಿ ತಿಂದೀನಿ, ಮುಂಜಾನೆ ಇನ್ನೂರಾ ಹತ್ತು ಬಂದದ. ಈ ಮಷೀನ್ ಸುಳ್ಳ ಹೇಳ್ತದ!"

ಮಷೀನ್ ಸುಳ್ಳು ಹೇಳಿರಲಿಲ್ಲ. ನಾವು ಮಲಗಿದ್ದಾಗಲೂ ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತೆ. ಅದಕ್ಕೆ ಕಡಿವಾಣ ಹಾಕೋದು ಇನ್ಸುಲಿನ್. ವರ್ಷ ಕಳೆದಂತೆ ಮೇದೋಜೀರಕ ಗ್ರಂಥಿ ಸೋಲುತ್ತೆ, ಕಡಿವಾಣ ಸಡಿಲವಾಗುತ್ತೆ. ಆಗ ರೊಟ್ಟಿ ಬಿಟ್ಟವರಿಗೆ ಸಿಗೋದು ಹೆಚ್ಚಾಗಿ ಹಸಿವೇ.

ಗ್ಲಾರ್ಜಿನ್‌ನಂಥ ದೀರ್ಘಾವಧಿ ಇನ್ಸುಲಿನ್ ಕೆಲಸ ಮಾಡೋದು ಇಲ್ಲೇ. ಚರ್ಮದ ಕೆಳಗೆ ಕೂತು ಸುಮಾರು 24 ಗಂಟೆ ನಿಧಾನಕ್ಕೆ ರಕ್ತ ಸೇರುತ್ತೆ. ದಿನಕ್ಕೊಂದೇ ಸೂಜಿ, ದಿನಾ ಅದೇ ಹೊತ್ತಿಗೆ. ಸಾಮಾನ್ಯವಾಗಿ 10 ಯೂನಿಟ್‌ನಿಂದ ಶುರು. ಖಾಲಿ ಹೊಟ್ಟೆಯ ರೀಡಿಂಗ್ ನೋಡಿಕೊಂಡು ಡಾಕ್ಟರು ಎರಡೆರಡು ಯೂನಿಟ್ ಏರಿಸ್ತಾರೆ. ಹೆಚ್ಚಿನವರಿಗೆ ಗುರಿ 80ರಿಂದ 130. ದೂರದ ಔಷಧಿಯೇನಲ್ಲ, ಬೆಂಗಳೂರಿನ ಬಯೋಕಾನ್ 2009ರಲ್ಲೇ ಬೇಸಲಾಗ್ ಹೆಸರಲ್ಲಿ ಗ್ಲಾರ್ಜಿನ್ ತಂದಿತ್ತು.

"ಸೂಜಿ ಹಚ್ಚಿದ್ರ ಮುಗೀತು" ಅನ್ನೋದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ನನಗೆ ಇದೇ ಕಾಯಿಲೆಗಿಂತ ಅಪಾಯ ಅನ್ಸುತ್ತೆ, ಯಾಕಂದ್ರೆ ಹೀಗೆ ಮುಂದೂಡಿದ ವರ್ಷಗಳಲ್ಲೇ ಕಣ್ಣು, ಕಿಡ್ನಿ, ಪಾದದ ನರ ಹಾಳಾಗೋದು. ಕಾಕಾ ಒಪ್ಪಿದ್ದು ನನ್ನ ಭಾಷಣಕ್ಕಲ್ಲ, ಪೆನ್ನಿನ 4 ಮಿಲಿಮೀಟರ್ ಸೂಜಿ ನೋಡಿ. "ಇಷ್ಟ ಏನು? ಜಾಲಿ ಮುಳ್ಳು ಇದಕ್ಕಿಂತ ದೊಡ್ಡದು." ಈಗ 16 ಯೂನಿಟ್, ಬೆಳಗಿನ ರೀಡಿಂಗ್ 120ರ ಆಸುಪಾಸು. ರಾತ್ರಿ ರೊಟ್ಟಿ ವಾಪಸ್ ಬಂದಿದೆ. ಹೋಳಿಗೆ ತಿಂದ ಮಧ್ಯಾಹ್ನದ ಏರಿಕೆಯನ್ನ ಈ ಸೂಜಿ ಹಿಡಿಯಲ್ಲ, ಮೆಟ್‌ಫಾರ್ಮಿನ್ ಮುಂದುವರಿದಿದೆ.

ತಲೆನೋವು ಅಂದ್ರೆ ಬಿಸಿಲು. ಆಲಮಟ್ಟಿ ಹಿನ್ನೀರು ಪಕ್ಕದಲ್ಲೇ ಇದ್ದರೂ ಬೇಸಿಗೆಯಲ್ಲಿ ಊರು 40 ಡಿಗ್ರಿ ದಾಟುತ್ತೆ. ಬಳಸುತ್ತಿರುವ ಪೆನ್ 30 ಡಿಗ್ರಿಯೊಳಗೆ 28 ದಿನ ಬಾಳುತ್ತೆ, ಅಷ್ಟೇ. ತೆರೆಯದ್ದು ಫ್ರಿಜ್‌ನಲ್ಲಿ, ಆದರೆ ಫ್ರೀಜರ್‌ನಲ್ಲಿ ಬೇಡ; ಹೆಪ್ಪುಗಟ್ಟಿದ್ರೆ ಬಿಸಾಕಿ. ಕರೆಂಟ್ ಹೋದರೆ ಕಾಕು ಪೆನ್ನನ್ನ ಮುಚ್ಚಿದ ಡಬ್ಬಿಯಲ್ಲಿಟ್ಟು, ಒದ್ದೆ ಮರಳು ತುಂಬಿದ ಮಣ್ಣಿನ ಗಡಿಗೆಯೊಳಗೆ ಇಡ್ತಾಳೆ.

ಬೆವರು, ನಡುಕ ಬಂದು ರೀಡಿಂಗ್ 70ಕ್ಕಿಂತ ಇಳಿದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಡಬೇಕು, 15 ನಿಮಿಷಕ್ಕೆ ಮತ್ತೆ ಚೆಕ್. ಇದನ್ನ ಮನೆಯಲ್ಲಿ ಇನ್ನೊಬ್ಬರಿಗಾದರೂ ಹೇಳಿಕೊಡಿ. ಡೋಸ್ ಬದಲಾವಣೆ ಮಾತ್ರ ಡಾಕ್ಟರ ಬಾಯಿಂದಲೇ ಬರಲಿ, ವಾಟ್ಸಾಪ್ ಗ್ರೂಪಿನಿಂದಲ್ಲ.